1993ರ ಯೆಜ್ಡಿ ರೋಡ್‌ಕಿಂಗ್ ಕೊಳ್ಳಬಹುದೇ? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಹಾಸನದ ಹೊಸಬ

ಎಲ್ಲರಿಗೂ ನಮಸ್ಕಾರ. ಎರಡು ಹಳೆಯ ರೋಡ್‌ಕಿಂಗ್ (ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ 250 ಸಿಸಿ ಟು ಸ್ಟ್ರೋಕ್ ಬೈಕ್) ಮಾರಾಟಕ್ಕಿವೆ, ಎರಡೂ ಮೈಸೂರು ನೋಂದಣಿ.

ಮೊದಲನೆಯದು 1993ರದ್ದು. ಎರಡನೇ ಮಾಲೀಕರ ಹೆಸರಲ್ಲಿದೆ. ಆರ್‌ಸಿ (ನೋಂದಣಿ ಪತ್ರ) ಅವಧಿ 2023ರ ಆಗಸ್ಟ್‌ನಲ್ಲೇ ಮುಗಿದಿದೆ, ವಿಮೆ ಇಲ್ಲ. ಹೊಸ ಪೇಂಟ್, ಹೊಸ ಕ್ರೋಮ್, ನೋಡಲು ಥಳಥಳ. ಎಂಜಿನ್ ಪೂರ್ತಿ ಮಾಡಿಸಿದ್ದೇವೆ ಅನ್ನುತ್ತಾರೆ, ಬಿಲ್ಲು ಮಾತ್ರ ಇಲ್ಲ.

ಎರಡನೆಯದು 1989ರದ್ದು. ಬಣ್ಣ ಮಾಸಿದೆ, ಸೀಟು ಹರಿದಿದೆ, ಎರಡು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ. ಆದರೆ ಮೊದಲ ಮಾಲೀಕರದ್ದೇ ಗಾಡಿ, ಆರ್‌ಸಿ 2029ರವರೆಗೆ ಚಾಲ್ತಿಯಲ್ಲಿದೆ. ಬೆಲೆ ಮೊದಲನೆಯದರ ಅರ್ಧ.

ದಿನಬಳಕೆಗೆ ಅಲ್ಲ. ವಾರಕ್ಕೆ ಎರಡು ಮೂರು ದಿನ ಓಡಿಸುವ ಉದ್ದೇಶ. ಯಾವುದು ಸರಿ? ಅಥವಾ ಹಳೆಯ ಗಾಡಿಯ ಸಹವಾಸವೇ ಬೇಡವೇ?

ಕಾಗದ ಮೊದಲು

ಎಂಜಿನ್ ಮಾತು ಆಮೇಲೆ. 1993ರ ಗಾಡಿಯ ಕಾಗದದಲ್ಲೇ ಕೆಲಸ ಬಹಳ ಇದೆ.

ಹೊಸ ನೋಂದಣಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 1993ರದ್ದು 2008, 2013, 2018 ದಾಟಿ 2023ಕ್ಕೆ ನಿಂತಿದೆ. ಅವಧಿ ಮುಗಿದ ಆರ್‌ಸಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಆಗದು, ಮೊದಲು ನವೀಕರಣ ಆಗಲೇಬೇಕು. ಅದನ್ನು ಮಾರುವವರೇ ತಮ್ಮ ಹೆಸರಲ್ಲಿ ಮಾಡಿಸಿಕೊಡಲಿ. "ನೀವೇ ಮಾಡಿಸಿಕೊಳ್ಳಿ, ಸಹಿ ಹಾಕಿದ ಫಾರ್ಮ್ ಕೊಡ್ತೀವಿ" ಅನ್ನುವ ವ್ಯವಹಾರಕ್ಕೆ ಒಪ್ಪಬೇಡಿ.

ನವೀಕರಣಕ್ಕೆ ಫಾರ್ಮ್ 25. ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಇನ್‌ಸ್ಪೆಕ್ಟರ್ ಚಾಸಿ ನಂಬರ್, ಬ್ರೇಕು, ದೀಪ, ಹಾರ್ನ್ ನೋಡುತ್ತಾರೆ. 2022ರ ಏಪ್ರಿಲ್‌ನಿಂದ ಬೈಕಿನ ನವೀಕರಣ ಶುಲ್ಕ 1000 ರೂಪಾಯಿ ಆಗಿತ್ತು. 2025ರ ಆಗಸ್ಟ್‌ನ ತಿದ್ದುಪಡಿಯ ನಂತರ 20 ವರ್ಷ ದಾಟಿದ ಬೈಕಿಗೆ 2000. ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ ಪ್ರತ್ಯೇಕ. ಎರಡು ವರ್ಷ ಬಾಕಿ ಇದ್ದರೆ ಇದೇ 7200 ಆಯಿತು. ಇದರ ಮೇಲೆ ಕರ್ನಾಟಕದ ಹಸಿರು ತೆರಿಗೆ, ದ್ವಿಚಕ್ರಕ್ಕೆ ಐದು ವರ್ಷಕ್ಕೆ 250. ಆಮೇಲೆ ವಿಮೆ, ಎಮಿಷನ್ ಸರ್ಟಿಫಿಕೇಟ್. 150ರಿಂದ 350 ಸಿಸಿ ಒಳಗಿನ ಬೈಕಿಗೆ ಥರ್ಡ್ ಪಾರ್ಟಿ ಕಂತು 2022ರ ದರದಂತೆ 1366, ಜೊತೆಗೆ ಜಿಎಸ್‌ಟಿ. ಇಷ್ಟನ್ನೂ ಬೆಲೆಯಲ್ಲಿ ಕಳೆದು ಮಾತಾಡಿ.

ವರ್ಗಾವಣೆಗೆ ಫಾರ್ಮ್ 29 ಮತ್ತು 30. ಬೇರೆ ಆರ್‌ಟಿಒ ವ್ಯಾಪ್ತಿಗೆ ಒಯ್ಯುವುದಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರು ಉಳಿದಿದ್ದರೆ ಫಾರ್ಮ್ 35. ಸಾಲ ಯಾವಾಗಲೋ ತೀರಿರುತ್ತದೆ, ಆದರೆ ಆ ಫೈನಾನ್ಸ್ ಸಂಸ್ಥೆಯೇ ಈಗ ಇಲ್ಲದಿದ್ದರೆ ಆ ಸಹಿ ತರುವುದು ದೊಡ್ಡ ತಲೆನೋವು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರ್ಮ್ 31ರಲ್ಲಿ ಆಗಬೇಕು. "ಅಪ್ಪನ ಗಾಡಿ, ನಾನೇ ಮಾರ್ತಿದ್ದೀನಿ" ಅಂದರೆ ಅಷ್ಟಕ್ಕೇ ನಿಲ್ಲಿ.

ಇನ್ನೊಂದು ಮಾತು. ಹಳೆಯ ಆರ್‌ಸಿ ಪುಸ್ತಕಗಳ ಎಷ್ಟೋ ದಾಖಲೆಗಳು ವಾಹನ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಗೆ ಏರಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಗಾಡಿಯೇ ಕಾಣದಿದ್ದರೆ ಮೂಲ ಆರ್‌ಟಿಒದಲ್ಲಿ ಹಳೆಯ ರಿಜಿಸ್ಟರ್ ತೆಗೆಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅದು ಆದ ಮೇಲೆಯೇ ಮುಂಗಡ ಕೊಡಿ. ಬಾಕಿ ದಂಡ ಇದೆಯೇ, 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೆ ಕಡ್ಡಾಯವಾದ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ) ನಂಬರ್ ಫಲಕ ಹಾಕಿಸಿದ್ದಾರೆಯೇ ಅನ್ನುವುದನ್ನೂ ನೋಡಿಕೊಳ್ಳಿ.

ಬೋರಿಂಗ್ ಮೇಸ್ತ್ರಿ

ಕಾಗದದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ನಂಬರ್ ಹೊಂದುತ್ತದೆಯೇ ಎಂದು ಕಣ್ಣಳತೆಯಲ್ಲಿ ನೋಡಿದರೆ ಸಾಲದು. ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಹೆಡ್ ಹತ್ತಿರದ ಚಾಸಿ ನಂಬರ್ ಮೇಲಿನ ಗ್ರೀಸು, ಮಣ್ಣನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ವೈರ್ ಬ್ರಷ್ ಹಾಕಬೇಡಿ, ಅಂಕಿಗಳ ಅಂಚು ಸವೆಯುತ್ತದೆ. ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿಯಿರಿ. ಗ್ರೈಂಡರ್ ಆಡಿಸಿದ ಗೆರೆ, ಒಂದು ಅಂಕಿ ಆಳ ಇನ್ನೊಂದು ಮೇಲ್ಮೇಲೆ, ಸುತ್ತ ವೆಲ್ಡಿಂಗ್ ಮಾಡಿ ಉಜ್ಜಿದ ಗುರುತು, ಇದೆಲ್ಲ ಆಗ ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಕ್ರ್ಯಾಂಕ್‌ಕೇಸ್ ಮೇಲಿನ ಎಂಜಿನ್ ನಂಬರಿಗೂ ಹೀಗೆಯೇ. 1993ರದ್ದಕ್ಕೆ ಇದು ಬಹಳ ಮುಖ್ಯ. ಹೊಸ ಪೇಂಟಿನ ದಪ್ಪ ಪದರದ ಕೆಳಗೆ ನಂಬರ್ ಮುಚ್ಚಿಹೋಗಿದ್ದರೆ ಅಷ್ಟು ಜಾಗದ ಪೇಂಟ್ ತೆಗೆದು ತೋರಿಸಿ ಎಂದು ಕೇಳಿ. ಒಪ್ಪದಿದ್ದರೆ ಆ ಗಾಡಿ ಬಿಡಿ.

ಈಗ ಎಂಜಿನ್. ಯೆಜ್ಡಿಯ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ಟು ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ಮೇಲ್ಭಾಗ ಅರ್ಧ ದಿನದಲ್ಲಿ ಬಿಚ್ಚಿ ಕೂರಿಸುವಷ್ಟು ಸರಳ. ಎಂಜಿನ್ ಮಾಡಿಸಿದ್ದೇವೆ ಅನ್ನುವವರಲ್ಲಿ ಹೆಚ್ಚಿನವರು ಮಾಡಿಸುವುದು ಇಷ್ಟನ್ನೇ: ಬೋರ್, ಪಿಸ್ಟನ್, ರಿಂಗು. ಖರ್ಚು ಹಿಡಿಯುವುದು ಕೆಳಗಿನ ಅರ್ಧ. ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಮೇನ್ ಬೇರಿಂಗು, ಎರಡು ಕಡೆಯ ಆಯಿಲ್ ಸೀಲು. ಅದಕ್ಕೆ ಎಂಜಿನ್ ಇಳಿಸಿ ಕೇಸ್ ಬಿಡಿಸಬೇಕು, ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಚ್ಚಿ ಹೊಸ ಪಿನ್, ರಾಡ್, ಬೇರಿಂಗ್ ಹಾಕಿ, ಡಯಲ್ ಗೇಜ್ ಇಟ್ಟು ಓಲಾಟ 0.03 ಮಿ.ಮೀ ಒಳಗೆ ತರಬೇಕು. ಸುತ್ತಿಗೆಯಲ್ಲಿ ಬಡಿದು "ಸರಿಯಾಯ್ತು" ಅನ್ನುವ ಕಡೆ ಮಾಡಿಸಿದ್ದರೆ ಸ್ವಲ್ಪ ದಿನಕ್ಕೇ ಬೇರಿಂಗ್ ಕೂಗುತ್ತದೆ.

ಹಾಗಾಗಿ "ಎಂಜಿನ್ ಆಗಿದೆಯಾ?" ಎಂದು ಕೇಳಬೇಡಿ. "ಕ್ರ್ಯಾಂಕ್ ಎಲ್ಲಿ ಕಟ್ಟಿಸಿದ್ದು, ಪಿಸ್ಟನ್ ಯಾವ ಓವರ್‌ಸೈಜ್?" ಎಂದು ಕೇಳಿ. ಪಿಸ್ಟನ್ 0.25 ಮಿ.ಮೀ ಹೆಜ್ಜೆಯಲ್ಲಿ ದೊಡ್ಡದಾಗುತ್ತಾ ಹೋಗುತ್ತದೆ. ಈಗಾಗಲೇ 66ಕ್ಕೆ ಬಂದು ನಿಂತಿದ್ದರೆ ಮುಂದಿನ ಸಲ ಸಿಲಿಂಡರಿಗೆ ಸ್ಲೀವ್ (ಹೊಸ ಒಳಕೊಳವೆ) ಹಾಕಿಸಬೇಕಾಗುತ್ತದೆ.

ಕಿಕ್‌ಲಿವರ್

ಮೇಸ್ತ್ರಿಯವರು ಹೇಳಿದ್ದನ್ನು ಬಿಚ್ಚದೆ ಪತ್ತೆ ಮಾಡುವ ದಾರಿ:

ಬರುತ್ತೇವೆ ಎಂದು ಹೇಳುವಾಗಲೇ ಗಾಡಿ ತಣ್ಣಗಿರಲಿ ಎಂದು ತಿಳಿಸಿ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಒಂದು ಗಂಟೆ ಕಾಯಿರಿ. ತಣ್ಣನೆಯ ರೋಡ್‌ಕಿಂಗ್ ಮೂರು ನಾಲ್ಕು ಕಿಕ್‌ಗೆ ಹಿಡಿಯಬೇಕು. ಮೊದಲ ಒಂದೆರಡು ನಿಮಿಷ ನೀಲಿ ಹೊಗೆ ಸಹಜ, ಕೇಸಿನಲ್ಲಿ ಕೂತ 2ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಎಂಜಿನ್ ಆಯಿಲ್) ಉರಿದು ಹೋಗುವುದು. ಹತ್ತು ನಿಮಿಷ ಓಡಿಸಿದ ಮೇಲೂ ದಟ್ಟ ಬಿಳಿ ಹೊಗೆ ಬಂದು, ಸುಟ್ಟ ಗೇರ್ ಆಯಿಲ್ ವಾಸನೆ ಇದ್ದರೆ ಎಡಗಡೆಯ, ಅಂದರೆ ಪ್ರೈಮರಿ ಚೈನ್ ಕಡೆಯ ಸೀಲ್ ಹೋಗಿದೆ. ಎಂಜಿನ್ ಗೇರ್‌ಬಾಕ್ಸಿನ ಎಣ್ಣೆ ಕುಡಿಯುತ್ತಿದೆ.

ಬಲಗಡೆಯ ಸೀಲ್ ಹೋದರೆ ಹೊಗೆಯೇ ಬರುವುದಿಲ್ಲ, ಅದೇ ಅಪಾಯ. ಅಲ್ಲಿಂದ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಪೆಟ್ರೋಲಿಗೆ ಗಾಳಿ ಹೆಚ್ಚಾಗುತ್ತದೆ. ಲಕ್ಷಣ: ಥ್ರಾಟಲ್ ಬಿಟ್ಟರೂ ಐಡಲ್ ಕೂಡಲೇ ಇಳಿಯುವುದಿಲ್ಲ, ಬಿಸಿಯಾದಂತೆ ತಾನಾಗಿ ಏರುತ್ತದೆ. ಕಾರ್ಬುರೇಟರ್ ಸ್ಕ್ರೂ ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ. ಇದೇ ಸ್ಥಿತಿಯಲ್ಲಿ ಹೆದ್ದಾರಿಗೆ ತೆಗೆದುಕೊಂಡು ಹೋದರೆ ಪಿಸ್ಟನ್ ಸೀಜ್ ಆಗಿ (ಸಿಲಿಂಡರಿನಲ್ಲಿ ಕಚ್ಚಿ ನಿಂತು) ಹಿಂದಿನ ಚಕ್ರ ಲಾಕ್ ಆಗುತ್ತದೆ.

ಬಲಗಡೆಯ ಕವರ್ ಬಿಚ್ಚಿ, ಒಳಗಿನ ರೋಟರನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಕೈಗೆ ಗೊತ್ತಾಗುವಷ್ಟು ಅಲುಗಿದರೂ ಮೇನ್ ಬೇರಿಂಗ್ ಸವೆದಿದೆ ಅಂತಲೇ ಲೆಕ್ಕ.

ಅವಕಾಶ ಕೊಟ್ಟರೆ ಒಂದು ಕಡೆಯ ಎಕ್ಸಾಸ್ಟ್ ಬೆಂಡನ್ನು ಬಿಚ್ಚಿ ಪೋರ್ಟ್ ಒಳಗೆ ಟಾರ್ಚ್ ಬಿಡಿ. ನಿಧಾನಕ್ಕೆ ಕಿಕ್ಕರ್ ತುಳಿದರೆ ಪಿಸ್ಟನ್ನಿನ ಪಕ್ಕ ಪೂರ್ತಿ ಕಾಣುತ್ತದೆ. ಉದ್ದುದ್ದ ಗೀರು, ಅಲ್ಯೂಮಿನಿಯಂ ಮೆತ್ತಿದ ಗುರುತು ಇದ್ದರೆ ಒಮ್ಮೆ ಸೀಜ್ ಆದ ಎಂಜಿನ್. ಆ ಬೆಂಡನ್ನು ಹಿಡಿದಿರುವ ದೊಡ್ಡ ಫಿನ್ ನಟ್ಟನ್ನು ಕೊಕ್ಕೆ ಸ್ಪ್ಯಾನರ್‌ನಲ್ಲೇ ಬಿಚ್ಚಬೇಕು. ಉಳಿ ಇಟ್ಟು ಬಡಿದ ಗಾಯ ನಟ್ಟಿನ ಮೇಲಿದ್ದರೆ ಸಿಲಿಂಡರ್ ಕಡೆಯ ಥ್ರೆಡ್ ಕೂಡ ತಿಂದಿರುವ ಸಾಧ್ಯತೆ ಹೆಚ್ಚು. ಆ ನಟ್ಟು ಕೂರದಿದ್ದರೆ ಗಾಡಿ ಯಾವಾಗಲೂ ಪಟಪಟ ಅನ್ನುತ್ತದೆ, ದುರಸ್ತಿಗೆ ಸಿಲಿಂಡರ್ ಇಳಿಸಲೇಬೇಕು.

ಫೋರ್‌ಸ್ಟ್ರೋಕ್ ಸಾಕು

ಒಂದು ಭಿನ್ನಾಭಿಪ್ರಾಯ. ಪ್ರಶ್ನೆ ಕೇಳಿದವರು "ಸಹವಾಸವೇ ಬೇಡವೇ" ಅಂದಿದ್ದಾರೆ, ಅದಕ್ಕೂ ಯಾರಾದರೂ ಉತ್ತರ ಕೊಡಬೇಕಲ್ಲ.

ರೋಡ್‌ಕಿಂಗ್ ಲೀಟರಿಗೆ 25ರಿಂದ 30 ಕಿ.ಮೀ ಕೊಡುತ್ತದೆ, 2ಟಿ ಆಯಿಲ್ ಖರ್ಚು ಬೇರೆ. ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕ್. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ. ಆ ಗಾಡಿಗಳು ನಿಮ್ಮ ಮುಂದೆ ಥಟ್ಟನೆ ನಿಂತಾಗ ನೀವು ನಿಲ್ಲಲಾರಿರಿ. 6 ವೋಲ್ಟ್ ದೀಪದ ಗಾಡಿಯಾದರೆ ರಾತ್ರಿ ಸಕಲೇಶಪುರದ ಘಟ್ಟದ ಕಡೆ ಹೋಗುವ ಯೋಚನೆಯೇ ಬೇಡ. ಕಾರ್ಖಾನೆ 1996ರಲ್ಲೇ ಮುಚ್ಚಿತು. 2022ರಲ್ಲಿ ಬಂದ ಹೊಸ ಯೆಜ್ಡಿ ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್, ಆ ಶೋರೂಮಿನಲ್ಲಿ ನಿಮ್ಮ ಎಂಜಿನ್ನಿನ ಭಾಗ ಸಿಗುವುದಿಲ್ಲ.

ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದಿದ್ದರೆ, ಎಂಟು ಹತ್ತು ವರ್ಷದ 100 ಅಥವಾ 125 ಸಿಸಿ ಫೋರ್ ಸ್ಟ್ರೋಕ್ ತೆಗೆದುಕೊಳ್ಳಿ. ಟೈಮಿಂಗ್ ಚೈನ್ ಸದ್ದು, ಸೈಲೆನ್ಸರ್ ಹೊಗೆ, ಕ್ಲಚ್ ಪ್ಲೇಟು, ಸ್ಟೀರಿಂಗ್ ಕೋನ್, ಇಷ್ಟು ನೋಡಿದರೆ ಮುಗಿಯಿತು. ಯಾವ ತಾಲ್ಲೂಕು ಕೇಂದ್ರದಲ್ಲೂ ಬಿಡಿಭಾಗ ಸಿಗುತ್ತದೆ.

ಬೋರಿಂಗ್ ಮೇಸ್ತ್ರಿ

ಬ್ರೇಕಿನ ಮಾತು ಸತ್ಯ, ಅದರಲ್ಲಿ ವಾದ ಇಲ್ಲ. ಆದರೆ ಹಳೆಯ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ ಅನ್ನುವ ಎಷ್ಟೋ ಗಾಡಿಗಳಲ್ಲಿ ಡ್ರಮ್ಮೇ ಅಂಡಾಕಾರ ಆಗಿರುತ್ತದೆ, ಇಲ್ಲವೇ ಕ್ಯಾಮ್ ಲಿವರ್ ಕೋನ ತಪ್ಪಿರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಡ್ರಮ್ ಮೇಲಿನ ಲಿವರ್ ಮತ್ತು ಕೇಬಲ್ ನಡುವೆ ಸುಮಾರು 90 ಡಿಗ್ರಿ ಇರಬೇಕು. ಅದಕ್ಕಿಂತ ಆಚೆ ವಾಲಿದರೆ ಲೈನರ್ ಸವೆದಿದೆ, ಎಷ್ಟು ಹಿಂಡಿದರೂ ಬಲ ಬರುವುದಿಲ್ಲ. ಲೈನರ್ 2 ಮಿ.ಮೀಗಿಂತ ತೆಳುವಾಗಿದ್ದರೆ ಬದಲಿಸಿ. ಚಕ್ರ ತಿರುಗಿಸುವಾಗ ಒಂದೇ ಜಾಗದಲ್ಲಿ ಉಜ್ಜುತ್ತಿದ್ದರೆ ಡ್ರಮ್ಮನ್ನು ಲೇತ್‌ನಲ್ಲಿ ಸರಿ ಮಾಡಿಸಿ, ಹೊಸ ಲೈನರನ್ನು ಅದೇ ವ್ಯಾಸಕ್ಕೆ ಉಜ್ಜಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಹಳೆಯ ಟೈರಿನ ಅಚ್ಚಿನ ಗೆರೆಗಳು ಆಳ ಇದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಮಳೆಯಲ್ಲಿ ಜಾರುವುದು ಅದೇ.

ಧಾರವಾಡ ಟು ಸ್ಟ್ರೋಕ್

ಎಲ್ಲಾರೂ ಗಾಡಿ ಬಗ್ಗೆ ಹೇಳಾಕತ್ತೀರಿ, ಪೆಟ್ರೋಲ್ ಬಗ್ಗೆ ಯಾರೂ ಹೇಳಿಲ್ಲ. ಈಗ ಬಂಕಿನ್ಯಾಗ ಸಿಗೋದು ಇ20, ಅಂದ್ರ 20 ಪರ್ಸೆಂಟ್ ಎಥನಾಲ್. 1990ರ ಗಾಡಿ ಅದಕ್ಕಂತ ಮಾಡಿದ್ದಲ್ಲ.

ಮೂರು ತೊಂದ್ರಿ ಅದಾವ. ಒಂದು, ಹಳೇ ರಬ್ಬರ್. ಪೆಟ್ರೋಲ್ ಕಾಕಿನ ವಾಷರ್, ಪೈಪು, ಫ್ಲೋಟ್ ಬೌಲಿನ ಗ್ಯಾಸ್ಕೆಟ್ ಉಬ್ಬತಾವ, ಇಲ್ಲಾಂದ್ರ ಮೆತ್ತಗಾಗಿ ಪುಡಿ ಬಿಡತಾವ. ಆ ಪುಡಿ ಜೆಟ್ಟಿನ್ಯಾಗ (ಕಾರ್ಬುರೇಟರಿನ ಪೆಟ್ರೋಲ್ ತೂತಿನ್ಯಾಗ) ಕೂತ್ರ ಮಿಶ್ರಣ ತೆಳ್ಳಗಾಗತೈತಿ. ಗಾಡಿ ತಂದ ಮೊದಲ ದಿನಾನ ಪೈಪು, ವಾಷರ್ ಎಲ್ಲಾ ಎಥನಾಲ್ ತಡಕೊಳ್ಳೋ ವಿಟಾನ್ ರಬ್ಬರಿಂದು ಹಾಕ್ರಿ. ಎರಡು, ಎಥನಾಲ್ ನೀರು ಎಳೀತೈತಿ. ವಾರಗಟ್ಟಲೆ ನಿಂತ ಗಾಡಿ ಟ್ಯಾಂಕಿನ ತಳದಾಗ ನೀರು ಕೂತು ತುಕ್ಕು ಹಿಡೀತದ. ಮೂರನೇದು ಭಾಳ ಮುಖ್ಯ: ಎಥನಾಲಿನ್ಯಾಗ ಆಮ್ಲಜನಕ ಇರತೈತಿ, ಅದೇ ಜೆಟ್ಟಿಗೆ ಮಿಶ್ರಣ ತೆಳ್ಳಗ ಆಗತೈತಿ. ಶುದ್ಧ ಪೆಟ್ರೋಲಿಗೆ ಗಾಳಿ 14.7 ಪಟ್ಟು ಬೇಕಾದ್ರ ಇ20ಕ್ಕ 13.5ರ ಹತ್ರ. ಟು ಸ್ಟ್ರೋಕ್ ಗಾಡಿಗೆ ತೆಳ್ಳನ ಮಿಶ್ರಣ ಅಂದ್ರ ಪಿಸ್ಟನ್ ಸುಡೋದು. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡ್ರಿ. ಕಾಫಿ ಬಣ್ಣ ಇದ್ರ ಸರಿ, ಬೆಳ್ಳಗಿದ್ರ ಇನ್ನೂ ತೆಳ್ಳಗ ಅದ, ಕರ್ರಗ ಹಸಿ ಇದ್ರ ಹೆಚ್ಚಾತು.

2ಟಿ ಆಯಿಲ್ ಲೆಕ್ಕ: ಹಳೇ ಕಾಲದ ಲೆಕ್ಕ ಲೀಟರಿಗೆ 40 ಎಂ.ಎಲ್. ಈಗಿನ ಜಾಸೋ (ಜಪಾನಿನ ಆಯಿಲ್ ಗುಣಮಟ್ಟ) ಎಫ್‌ಸಿ ಅಥವಾ ಎಫ್‌ಡಿ ದರ್ಜೆ ಆಯಿಲ್ ಆದ್ರ 30 ಸಾಕು. ಹೊಸಾ ಬೋರ್ ಆಗಿದ್ರ ಮೊದಲ 500 ಕಿಲೋಮೀಟರಿಗೆ 50 ಹಾಕ್ರಿ. ಮತ್ತ ಬಂಕಿನ್ಯಾಗ ಪೆಟ್ರೋಲ್ ಹಾಕಿಸಿ ಮ್ಯಾಲೆ ಆಯಿಲ್ ಸುರುವಿ ಹೊಂಟುಬಿಡಬ್ಯಾಡ್ರಿ, ಅದು ತಳಕ್ಕ ಹೋಗಿ ಕಾಕಿನ್ಯಾಗ ಕೂಡತದ. ಮೊದಲು ಆಯಿಲ್ ಹಾಕಿ, ಅದರ ಮ್ಯಾಲೆ ಪೆಟ್ರೋಲ್ ಬೀಳಲಿ.

ಕಡಲತಡಿ

ಮೇಸ್ತ್ರಿಯವರು ನಿಂತ ಗಾಡಿಯ, ಅಂದರೆ 1989ರದ್ದರ ಕಡೆಗೇ ವಾಲುತ್ತಿದ್ದಾರೆ ಅಂತ ಕಾಣುತ್ತದೆ. ನಮ್ಮ ಕರಾವಳಿಯ ಕಡೆಯ ಗಾಡಿಗಳಿಗೆ ಅದು ಅಷ್ಟು ಸುಲಭ ಅಲ್ಲ ಮಾರಾಯ್ರೆ. ಹೊರಗೆ ಮಾಸಿದ ಬಣ್ಣ ಮಾತ್ರ ಅಂತ ಕಂಡರೂ ಸೀಟಿನ ಕೆಳಗಿನ ಫ್ರೇಮ್ ಕೊಳವೆ, ಸೆಂಟರ್ ಸ್ಟ್ಯಾಂಡಿನ ಕಿವಿ, ಮಡ್‌ಗಾರ್ಡಿನ ಒಳಭಾಗ, ಟೂಲ್‌ಬಾಕ್ಸಿನ ತಳ, ಇವೆಲ್ಲ ತುಕ್ಕು ತಿಂದು ಹಾಳೆಯಾಗಿರುತ್ತವೆ. ಸಣ್ಣ ಸುತ್ತಿಗೆಯಿಂದ ಫ್ರೇಮಿನ ಉದ್ದಕ್ಕೂ ಮೆಲ್ಲಗೆ ತಟ್ಟಿ ನೋಡಿ, ಕೊಳೆತ ಜಾಗದಲ್ಲಿ ಸದ್ದು ಮಂದವಾಗುತ್ತದೆ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರ್‌ನಿಂದ ತಟ್ಟಿ, ಸಡಿಲ ಇದ್ದದ್ದು ಟಿಣ್ ಅನ್ನುವುದಿಲ್ಲ.

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟಾಗ ಕೆಂಪು ಪುಡಿ ಇದ್ದರೆ ಅಡ್ಡಿಯಿಲ್ಲ. ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ತುಂಬಿ ಒಂದು ದಿನ ಬಿಡಿ. ಖಾಲಿ ಮಾಡಿ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿ, ಕೂಡಲೇ 2ಟಿ ಆಯಿಲ್ ಸವರಿ. ತಡಮಾಡಿದರೆ ಕೆಲವೇ ಗಂಟೆಯಲ್ಲಿ ಮತ್ತೆ ತುಕ್ಕು. ಟ್ಯಾಂಕಿನ ತಳದ ಹೊಲಿಗೆಯಲ್ಲಿ ಒದ್ದೆ ಕಲೆ ಇದ್ದರೆ ಮಾತ್ರ ಬೇರೆ ಟ್ಯಾಂಕೇ ಹುಡುಕಬೇಕಾದೀತು.

ಮತ್ತೆ, ಹತ್ತಿರದಲ್ಲಿ ಯೆಜ್ಡಿ ತಿಳಿದ ಮೆಕ್ಯಾನಿಕ್ ಇಲ್ಲದವರು ಬಿಲ್ ಸಮೇತ ಸರಿಯಾಗಿ ಕಟ್ಟಿಸಿದ ಗಾಡಿ ತೆಗೆದುಕೊಳ್ಳುವುದೇ ಲೇಸು ಅಂತ ನನ್ನ ಅಭಿಪ್ರಾಯ. ಈ ಎರಡು ಗಾಡಿಗಳಲ್ಲಿ 1993ರದ್ದಕ್ಕೆ ಬಿಲ್ ಇಲ್ಲದ್ದೇ ತೊಂದರೆ.

ಬೋರಿಂಗ್ ಮೇಸ್ತ್ರಿ

ಕಡಲತಡಿಯವರ ಮಾತು ಒಪ್ಪತಕ್ಕದ್ದೇ. ಆದರೂ ನಾನು ಮಾಸಿದ ಗಾಡಿಯ ಕಡೆ ನಿಲ್ಲುವುದಕ್ಕೆ ಕಾರಣ ಇದೆ. ಬಣ್ಣ, ಕ್ರೋಮ್ ಮಾಡಿಸುವಾಗ ಮೂಲ ಭಾಗಗಳು ಹೋಗಿಬಿಡುತ್ತವೆ. ಮೂಲ ಸೈಲೆನ್ಸರ್ ಭಾರ, ಒಳಗಿನ ಬ್ಯಾಫಲ್ ಬಿಚ್ಚಿ ಕಾರ್ಬನ್ ತೆಗೆದು ಮತ್ತೆ ಹಾಕಬಹುದು. ಈಗಿನ ನಕಲಿ ಸೈಲೆನ್ಸರಿನ ಒಳಗೆ ಬರೀ ತೂತಿನ ಕೊಳವೆ. ಸದ್ದು ಜೋರು, ಎಂಜಿನ್ ನಿಧಾನ ತಿರುಗುವಾಗಿನ ಎಳೆತ ಕಡಿಮೆ. ಮೂಲ ಚೈನ್ ಕವರ್ ಚೈನನ್ನು ಪೂರ್ತಿ ಮುಚ್ಚಿರುತ್ತದೆ, ಒಳಗಿನ ಚೈನ್ ಮಣ್ಣು ಕಾಣದೆ ಬಹುಕಾಲ ಬಾಳುತ್ತದೆ. ಅದರ ರಬ್ಬರ್ ತೋಳು ಹರಿದಿದೆ ಎಂದು ಕವರನ್ನೇ ಕಿತ್ತೆಸೆದ ಗಾಡಿಗಳು ಎಷ್ಟೋ. ಸ್ಪೀಡೋಮೀಟರ್, ಹೆಡ್‌ಲೈಟ್ ಡೂಮು, ಟೂಲ್‌ಬಾಕ್ಸ್ ಮುಚ್ಚಳ, ಇವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಒಂದೊಂದಾಗಿ ಹುಡುಕುವ ಖರ್ಚು ಪೇಂಟಿಗಿಂತ ಹೆಚ್ಚು. ಪಿಸ್ಟನ್, ರಿಂಗು, ಸೀಲು, ಕ್ಲಚ್ ಪ್ಲೇಟು, ಕೇಬಲ್ಲು ಹೊಸದಾಗಿ ಮಾಡಿದ್ದು ಸಿಗುತ್ತದೆ. ಸಿಗದಿರುವುದು ತಗಡು ಮತ್ತು ಎರಕದ ಮೂಲ ಭಾಗಗಳು. ಕ್ರ್ಯಾಂಕ್‌ಕೇಸ್ ಒಡೆದು ಬೆಸುಗೆ ಹಾಕಿದ್ದರೆ ಅರ್ಧ ಬೆಲೆಗೂ ಬೇಡ.

ಹೊಸದಾಗಿ ಮಾಡಿದ ಪಿಸ್ಟನ್ ತಂದರೂ ಹಾಗೇ ಹಾಕಬೇಡಿ. ಬೋರಿಂಗ್ ಮಾಡುವವರಿಗೆ ಪಿಸ್ಟನ್ ಕೈಗೆ ಕೊಟ್ಟು, ಅದನ್ನು ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಲು ಹೇಳಿ. ಈ ಎಂಜಿನ್ನಿಗೆ ಪಿಸ್ಟನ್ ಮತ್ತು ಸಿಲಿಂಡರ್ ನಡುವೆ 0.06ರಿಂದ 0.08 ಮಿ.ಮೀ ಸಂದು ಇರಲಿ. ರಿಂಗನ್ನು ಸಿಲಿಂಡರಿನೊಳಗೆ ನೇರ ಕೂರಿಸಿ ಅದರ ಎರಡು ತುದಿಗಳ ನಡುವಿನ ಬಾಯಿ ಅಳೆಯಿರಿ, 0.25ರಿಂದ 0.35 ಮಿ.ಮೀ ಇರಬೇಕು. ಪೋರ್ಟುಗಳ ಅಂಚನ್ನು ಸಣ್ಣ ಅರದಿಂದ ಮೊಂಡು ಮಾಡದೆ ಬಿಟ್ಟರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಎಷ್ಟೋ ಕಡೆ ಬಿಟ್ಟುಬಿಡುವುದು ಇದನ್ನೇ.

ಹಾಸನದ ಹೊಸಬ

ತುಂಬಾ ಉಪಯೋಗವಾಯಿತು. ಎರಡು ಪ್ರಶ್ನೆ. ಗೇರಿಗೂ ಕಿಕ್ಕರಿಗೂ ಒಂದೇ ಲಿವರ್ ಇರುವ ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಹೇಗೆ ಪರೀಕ್ಷಿಸುವುದು? ಮತ್ತು 1989ರದ್ದನ್ನು ಎರಡು ವರ್ಷದ ಮೇಲೆ ಸ್ಟಾರ್ಟ್ ಮಾಡುವಾಗ ಏನು ಎಚ್ಚರ ಬೇಕು?

ಕಿಕ್‌ಲಿವರ್

ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟ ಮೇಲೆ ತಾನಾಗಿ ಗೇರಿನ ಜಾಗಕ್ಕೆ ಬಂದು ಕೂರಬೇಕು. ಅರ್ಧದಲ್ಲಿ ನಿಂತರೆ ಸ್ಪ್ರಿಂಗ್ ಸೋತಿದೆ. ತುಳಿದಾಗ ಕರಕರ ಎಂದು ಜಾರಿದರೆ ಒಳಗಿನ ಹಲ್ಲು ಸವೆದಿದೆ. ಲಿವರ್ ಮಾತ್ರ ಶಾಫ್ಟಿನ ಮೇಲೆ ಆಡುತ್ತಿದ್ದರೆ ಸ್ಪ್ಲೈನ್ ತಿಂದಿದೆ. ಬರೀ ಲಿವರ್ ಸವೆದಿದ್ದರೆ ಸುಲಭ, ಶಾಫ್ಟ್ ಸವೆದಿದ್ದರೆ ಎಂಜಿನ್ ಬಿಚ್ಚಬೇಕು.

ಯೆಜ್ಡಿ ಬಂದದ್ದು ಜಾವಾ ಬೈಕಿನಿಂದ, ಆ ವಂಶದ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಸ್ವಲ್ಪ ಬಿಡುತ್ತದೆ. ಕೈ ಕ್ಲಚ್ ಹಿಡಿಯದೆ ಎರಡರಿಂದ ಮೂರಕ್ಕೆ ಹಾಕಿ ನೋಡಿ, ಮೆತ್ತಗೆ ಬೀಳಬೇಕು. ಧಡ್ ಅಂದರೆ ಕ್ಲಚ್ ಹೊಂದಾಣಿಕೆ ತಪ್ಪಿದೆ, ಅದು ಸ್ಕ್ರೂ ತಿರುಗಿಸಿ ಸರಿ ಮಾಡುವಂಥದ್ದು. ಆಮೇಲೆ ಎರಡನೇ ಗೇರಿನಲ್ಲಿ ಏರಿನ ಮೇಲೆ ಜೋರಾಗಿ ಎಳೆದು, ಥಟ್ಟನೆ ಥ್ರಾಟಲ್ ಬಿಟ್ಟು, ಮತ್ತೆ ಎಳೆಯಿರಿ. ಗೇರ್ ಹಾರಿ ನ್ಯೂಟ್ರಲ್‌ಗೆ ಬಂದರೆ ಗೇರಿನ ಡಾಗ್ (ಗೇರುಗಳು ಒಂದಕ್ಕೊಂದು ಕಚ್ಚುವ ಪಕ್ಕದ ಹಲ್ಲು) ಸವೆದಿದೆ. ಅದಕ್ಕೆ ಹೊಂದಾಣಿಕೆ ಇಲ್ಲ, ಗೇರೇ ಬದಲಿಸಬೇಕು.

ನಿಂತ ಗಾಡಿಯ ಕ್ಲಚ್ ಪ್ಲೇಟು ಒಂದಕ್ಕೊಂದು ಅಂಟಿಕೊಂಡಿರುವುದು ಮಾಮೂಲು. ಎಂಜಿನ್ ಆಫ್ ಇರುವಾಗ ಕ್ಲಚ್ ಹಿಡಿದು ಹತ್ತಾರು ಸಲ ಕಿಕ್ಕರ್ ತುಳಿದರೆ ಬಿಡುತ್ತದೆ.

ಬೋರಿಂಗ್ ಮೇಸ್ತ್ರಿ

1989ರದ್ದನ್ನು ನೋಡಲು ಹೋದಾಗ ಮಾರುವವರು ಕಿಕ್ಕರ್ ಒದೆಯಲು ಬಿಡಬೇಡಿ. ಪ್ಲಗ್ ಬಿಚ್ಚಿ, 10 ಎಂ.ಎಲ್. 2ಟಿ ಆಯಿಲ್ ಬಿಟ್ಟು, ಹತ್ತು ನಿಮಿಷ ಬಿಟ್ಟು ಕೈಯಲ್ಲಿ ಲಿವರ್ ತಿರುಗಿಸಿ. ಸರಾಗ ತಿರುಗಿದರೆ ಅರ್ಧ ಗೆದ್ದ ಹಾಗೆ. ಹಿಡಿದಿದ್ದರೆ ಗೇರಿಗೆ ಹಾಕಿ ಹಿಂದೆ ಮುಂದೆ ದಬ್ಬಬೇಡಿ, ರಿಂಗ್ ಪೋರ್ಟಿನಲ್ಲಿ ಮುರಿಯುತ್ತದೆ. ಅಂಥದ್ದನ್ನು ಎಂಜಿನ್ ಪೂರ್ತಿ ಕೆಲಸದ ಗಾಡಿ ಎಂದೇ ಬೆಲೆ ಕಟ್ಟಿ.

ತಿರುಗಿದರೆ ಕಂಪ್ರೆಷನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಐದಾರು ಸಲ ಕಿಕ್ ಮಾಡಿ. 100 ಪಿಎಸ್‌ಐ ಆಸುಪಾಸು ಬಂದರೆ ಮೇಲ್ಭಾಗ ನಡೆಯುತ್ತದೆ. ಎಣ್ಣೆ ಬಿಟ್ಟ ಕೂಡಲೇ ಅಳೆದರೆ ಅಂಕಿ ಸುಳ್ಳು ಹೇಳುತ್ತದೆ, ಮೊದಲು ಆ ಎಣ್ಣೆ ಹೊರಗೆ ಹೋಗಲಿ.

ಕೊಂಡು ತಂದ ಮೇಲೆ, ಸ್ಟಾರ್ಟ್ ಮಾಡುವ ಮೊದಲೇ ಒತ್ತಡದ ಪರೀಕ್ಷೆ ಮಾಡಿಸಿ. ಎರಡೂ ಎಕ್ಸಾಸ್ಟ್ ಪೋರ್ಟು, ಕಾರ್ಬುರೇಟರ್ ಕೂರುವ ಬಾಯಿಯನ್ನು ರಬ್ಬರ್ ಇಟ್ಟು ಮುಚ್ಚಿ. ಪಿಸ್ಟನ್ ಕೆಳಗಿರಲಿ. ಪ್ಲಗ್ಗಿನ ತೂತಿನಿಂದ ಸೈಕಲ್ ಪಂಪಿನಲ್ಲಿ 6 ಪಿಎಸ್‌ಐ ತುಂಬಿಸಿ. ಆರು ನಿಮಿಷ ಹೆಚ್ಚುಕಡಿಮೆ ಅಷ್ಟೇ ನಿಂತರೆ ಸೀಲು ಚೆನ್ನಾಗಿವೆ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪು ನೀರು ಸವರಿ ಹುಡುಕಿ: ಸಿಲಿಂಡರ್ ಬುಡ, ಕೇಸಿನ ಹೊಲಿಗೆ, ಬಲಗಡೆ ರೋಟರಿನ ಹಿಂದೆ. ಎಲ್ಲೂ ಗುಳ್ಳೆ ಇಲ್ಲದಿದ್ದರೆ ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪು ನೀರಿನ ಪೊರೆ ಹಿಡಿಯಿರಿ. ಅದು ಉಬ್ಬಿದರೆ ಎಡಗಡೆಯ ಸೀಲು. ಎರಡು ವರ್ಷ ನಿಂತ ಗಾಡಿಯಲ್ಲಿ ಸೀಲಿನ ತುಟಿ ಒಣಗಿ ಗಟ್ಟಿಯಾಗಿರುವುದೇ ಹೆಚ್ಚು, ಅದಕ್ಕೆ ಎರಡೂ ಸೀಲಿನ ಖರ್ಚನ್ನು ಮೊದಲೇ ಬೆಲೆಯಲ್ಲಿ ಕಳೆಯಿರಿ ಅನ್ನುವುದು.

ಕಾಗದ ಮೊದಲು

ಎಮಿಷನ್ ಬಗ್ಗೆ ಚಿಕ್ಕದಾಗಿ: 2000ದ ಮಾರ್ಚ್‌ಗೆ ಮುಂಚಿನ ದ್ವಿಚಕ್ರಕ್ಕೆ ಮಿತಿ ಇಂಗಾಲದ ಮಾನಾಕ್ಸೈಡ್ 4.5 ಪ್ರತಿಶತ, ಹೈಡ್ರೋಕಾರ್ಬನ್ 9000 ಪಿಪಿಎಂ. ಸೈಲೆನ್ಸರ್ ಕಾರ್ಬನ್ ತೆಗೆಸಿ, ಹತ್ತು ಕಿ.ಮೀ ಓಡಿಸಿ ಬಿಸಿ ಮಾಡಿಕೊಂಡು ಹೋದರೆ ಸುಸ್ಥಿತಿಯ ರೋಡ್‌ಕಿಂಗ್ ಪಾಸಾಗುತ್ತದೆ.

50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಡಿ ಪ್ರತ್ಯೇಕ ವಿಎ ಸರಣಿಯ ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. 1961ರಿಂದ ಎಪ್ಪತ್ತರ ದಶಕದ ಆರಂಭದವರೆಗಿನ ಮೈಸೂರು ಜಾವಾಗಳಿಗೆ ಅದು ಅನ್ವಯ. ನಿಮ್ಮ ಎರಡಕ್ಕೂ ಅಲ್ಲ, ಯಾರಾದರೂ "ವಿಂಟೇಜ್ ಗಾಡಿ, ತೆರಿಗೆ ಇಲ್ಲ" ಅಂದರೆ ನಂಬಬೇಡಿ.

ಬೋರಿಂಗ್ ಮೇಸ್ತ್ರಿ

1989ರದ್ದೇ ತೆಗೆದುಕೊಳ್ಳುವುದಾದರೆ ತಂದ ದಿನದ ಕೆಲಸ ಇಷ್ಟು: ಹಳೆಯ ಪೆಟ್ರೋಲ್ ಪೂರ್ತಿ ಖಾಲಿ, ಗೇರ್ ಆಯಿಲ್ ಇಳಿಸಿ ಬಿಳಿ ನೊರೆ ಇದೆಯೇ ನೋಡಿ, ಇದ್ದರೆ ನೀರು ಸೇರಿದೆ. ಕಾರ್ಬುರೇಟರ್ ಬಿಚ್ಚಿ ಜೆಟ್ಟುಗಳನ್ನು ಗಾಳಿಯಲ್ಲೇ ಸ್ವಚ್ಛ ಮಾಡಿ, ತಂತಿ ತೂರಿಸಬೇಡಿ. ಪಾಯಿಂಟ್ (ಕಿಡಿ ಹಾರಿಸುವ ಸ್ವಿಚ್ಚು) ಇರುವ ಗಾಡಿಯಾದರೆ ಪಾಯಿಂಟ್ ಮುಖ ಉಜ್ಜಿ 0.35 ಮಿ.ಮೀ ಸಂದಿಗೆ ಕೂರಿಸಿ, ಹೊಸ ಕಂಡೆನ್ಸರ್ ಹಾಕಿ. ಕೊನೆಯ ವರ್ಷಗಳ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ರೋಡ್‌ಕಿಂಗ್ ಆದರೆ ಆ ಕೆಲಸ ಇಲ್ಲ, ಆದರೆ ಆ ಯೂನಿಟ್ ಹೋದರೆ ಹುಡುಕುವುದು ಕಷ್ಟ, ಸಿಕ್ಕಾಗ ಒಂದು ಎತ್ತಿಟ್ಟುಕೊಳ್ಳಿ. ಮೊದಲ 50 ಕಿ.ಮೀ ಓಡಿದ ಮೇಲೆ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಹೆಡ್ ನಟ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ ಇನ್ನೊಮ್ಮೆ ಬಿಗಿ ಮಾಡಿ, ಎರಡೂ ಎಕ್ಸಾಸ್ಟ್ ನಟ್ಟುಗಳನ್ನೂ ಕೊಕ್ಕೆ ಸ್ಪ್ಯಾನರ್‌ನಲ್ಲಿ ನೋಡಿಕೊಳ್ಳಿ.